ಹೇರ್‌ಪಿನ್ ತಿರುವಿನ ಕೆಳಗೆ ಎರಡು ಉಬ್ಬುಗಳು

ಆಂಜಿಯೋಗ್ರಾಂ ಕೋಣೆಯ ಪರದೆಯ ಮೇಲೆ ಆ ರಕ್ತನಾಳ ಮೂಡಿಬರುವುದನ್ನು ಎಷ್ಟು ಸಲ ನೋಡಿದ್ದರೂ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಪಕ್ಕೆಲುಬಿನಡಿಯ ಅಪಧಮನಿಗೆ ಎಕ್ಸ್‌ರೇಯಲ್ಲಿ ಕಾಣುವ ಕಾಂಟ್ರಾಸ್ಟ್ ದ್ರವವನ್ನು ಬಿಟ್ಟಾಗ ಮೊದಲು ಪಕ್ಕೆಲುಬಿನ ಗುಂಟ ಕಪ್ಪು ಗೆರೆಯೊಂದು ಓಡುತ್ತದೆ. ಮರುಗಳಿಗೆಯಲ್ಲೇ ಅದರ ಬುಡದಿಂದ ದಾರದೆಳೆಯಂತಹ ನಾಳವೊಂದು ಬೆನ್ನಿನ ನಡುಗೆರೆಯತ್ತ ಓರೆಯಾಗಿ ಮೇಲೇರಿ, ಥಟ್ಟನೆ ಮಗ್ಗುಲು ಬದಲಿಸಿ, ನೇರವಾಗಿ ಕೆಳಗಿಳಿಯುತ್ತದೆ. ಹೇರ್‌ಪಿನ್ನಿನ ಆಕಾರದ ಈ ತಿರುವು ಕಂಡಿತೆಂದರೆ ಬೆನ್ನುಹುರಿಯ ಕೆಳಭಾಗವನ್ನು ಪೋಷಿಸುವ ಮುಖ್ಯ ನಾಳ ಸಿಕ್ಕಿತೆಂದು ಅರ್ಥ. 1882ರಲ್ಲಿ ಇದನ್ನು ವಿವರಿಸಿದ ಪೋಲಿಷ್ ವೈದ್ಯ ಆಲ್ಬರ್ಟ್ ಆಡಮ್‌ಕೀವಿಚ್ ಅವರ ಹೆಸರಿನಿಂದಲೇ ನಾವು ಇಂದಿಗೂ ಅದನ್ನು ಕರೆಯುತ್ತೇವೆ.

ನಾನು ಹೇಳಹೊರಟಿರುವ ದಿನ ಆ ತಿರುವಿನ ಕೆಳಗೆ, ನಾಳದ ಮೈಮೇಲೆ, ಸಾಸಿವೆ ಕಾಳಿನಷ್ಟು ದೊಡ್ಡದೊಂದು ಉಬ್ಬು ಕಾಣಿಸಿತು. ಅದರಿಂದ ಇನ್ನೂ ಕೆಳಗೆ, ಬೆನ್ನುಹುರಿಯ ಒಳಗೇ, ಸಿಕ್ಕುಬಿದ್ದ ನೂಲಿನ ಉಂಡೆಯಂತೆ ರಕ್ತನಾಳಗಳ ಗೋಜಲಿತ್ತು. ಆ ಗೋಜಲಿನ ಅಂಚಿನಲ್ಲಿ ಎರಡನೆಯ ಉಬ್ಬೊಂದಿತ್ತು. ಅದು ಅಂಕುಡೊಂಕಾಗಿತ್ತು, ಉಳಿದ ನಾಳಗಳೆಲ್ಲ ಖಾಲಿಯಾದ ಮೇಲೂ ಅದರೊಳಗಿನ ಕಪ್ಪು ಹಾಗೆಯೇ ನಿಂತಿತ್ತು. ಮೇಜಿನ ಮೇಲೆ ಮಲಗಿದ್ದವರು ಇಪ್ಪತ್ತರ ಹರೆಯದ ಯುವತಿ. ಕೆಲವು ವಾರಗಳ ಹಿಂದೆ ಬೆನ್ನಿಗೆ ಚಾಕು ಹಾಕಿದಂತಹ ನೋವು ಬಂದು, ಅದೇ ಸಂಜೆಯೊಳಗೆ ಎರಡೂ ಕಾಲುಗಳ ಬಲ ಕುಂದಿತ್ತು. ಬಳಿಕ ಸ್ವಲ್ಪ ಬಲ ಮರಳಿ, ಆಸರೆ ಹಿಡಿದು ನಿಲ್ಲುವಷ್ಟಾಗಿದ್ದರು. ಆ ನಿಲ್ಲುವ ಶಕ್ತಿಯನ್ನು ಉಳಿಸಬೇಕಾದರೆ ಯಾವ ಉಬ್ಬನ್ನು ಮುಚ್ಚಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎನ್ನುವುದೇ ಅಂದಿನ ಪ್ರಶ್ನೆಯಾಗಿತ್ತು. ಬೆನ್ನುಹುರಿಯ ರಕ್ತನಾಳ ದೋಷಗಳನ್ನು ನಾಳದೊಳಗಿನಿಂದ ಚಿಕಿತ್ಸೆ ಮಾಡುವ ನಮ್ಮ ಕೆಲಸವೆಲ್ಲ ಕೊನೆಗೆ ಇದೊಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ ಎಂಬುದು ನನ್ನ ತಿಳಿವಳಿಕೆ.

ಬೆನ್ನುಹುರಿ ಎಂಬುದು ಸುಮಾರು 45 ಸೆಂಟಿಮೀಟರ್ ಉದ್ದದ, ಕಿರುಬೆರಳಿನ ದಪ್ಪದ ಅಂಗ. ಕಾಲುಗಳ ಚಲನೆ, ಸ್ಪರ್ಶಜ್ಞಾನ, ಮಲಮೂತ್ರಗಳ ಹಿಡಿತ ಎಲ್ಲವೂ ಈ ಕಿರಿದಾದ ದಾರಿಯಲ್ಲೇ ಹಾದುಹೋಗಬೇಕು. ಮಿದುಳಿನಲ್ಲಿ ಒಂದು ಕಡೆ ರಕ್ತ ನಿಂತರೆ ಕೆಲವೊಮ್ಮೆ ಅಕ್ಕಪಕ್ಕದ ಭಾಗಗಳು ಆ ಕೊರತೆಯನ್ನು ತುಂಬಿಕೊಳ್ಳುತ್ತವೆ. ಬೆನ್ನುಹುರಿಯಲ್ಲಿ ಅಂತಹ ಬಿಡುವು ಇಲ್ಲ. ಅದರ ಮುಂಭಾಗದ ನಡುವಿನಲ್ಲಿ ಇಳಿಯುವ ಒಂದೇ ಒಂದು ಅಪಧಮನಿ ಅಡ್ಡಸೀಳಿನ ಮೂರನೇ ಎರಡು ಭಾಗವನ್ನು ಪೋಷಿಸುತ್ತದೆ. ಉಳಿದ ಹಿಂಭಾಗಕ್ಕೆ ಎರಡು ತೆಳು ಅಪಧಮನಿಗಳಿವೆ. ಭ್ರೂಣದಲ್ಲಿ ಪ್ರತಿಯೊಂದು ನರಬೇರಿನ ಜೊತೆಗೂ ಒಂದೊಂದು ನಾಳ ಬಂದು ಹುರಿಯನ್ನು ಸೇರುತ್ತದೆಯಾದರೂ, ಹುಟ್ಟುವ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ಹಿಂಗಿಹೋಗಿ, ಮುಂಭಾಗದ ಅಪಧಮನಿಗೆ ರಕ್ತ ತರುವ ನಾಳಗಳು ಬೆರಳೆಣಿಕೆಯಷ್ಟು ಮಾತ್ರ ಉಳಿಯುತ್ತವೆ. ಅವುಗಳಲ್ಲಿ ದೊಡ್ಡದೇ ಆಡಮ್‌ಕೀವಿಚ್ ಅಪಧಮನಿ. ಬಹುತೇಕರಲ್ಲಿ ಅದು ಎಡಗಡೆಯಲ್ಲಿ, ಎದೆಭಾಗದ 9ನೆಯ ಮತ್ತು 12ನೆಯ ಕಶೇರುಕಗಳ ನಡುವೆ ಹೊರಡುತ್ತದೆ. ಆದರೆ ಈ 'ಬಹುತೇಕ' ಎಂಬ ಮಾತನ್ನು ನಂಬಿ ಯಾರೂ ಕೆಲಸ ಮಾಡುವಂತಿಲ್ಲ; ಪ್ರತಿ ರೋಗಿಯಲ್ಲಿಯೂ ಅದನ್ನು ಹುಡುಕಿಯೇ ತೀರಬೇಕು.

ರಕ್ತನಾಳ ದೋಷ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ವರ್ತಿಸುವ ಕಾಯಿಲೆಗಳು ಸೇರಿಕೊಂಡಿವೆ. ಹೆಚ್ಚು ಕಾಣುವುದು ಹುರಿಯನ್ನು ಹೊದ್ದಿರುವ ಡ್ಯೂರಾ ಪೊರೆಯ ಫಿಸ್ಟುಲಾ, ಅಂದರೆ ಅಪಧಮನಿ ಮತ್ತು ಅಭಿಧಮನಿಗಳ ಅಸಹಜ ನೇರ ಜೋಡಣೆ. ಇಂತಹ ದೋಷಗಳಲ್ಲಿ ಸುಮಾರು ಶೇಕಡಾ 70ರಷ್ಟು ಅದೇ. ನರಬೇರು ಪೊರೆಯನ್ನು ತೂರಿ ಹೊರಬರುವ ಜಾಗದಲ್ಲಿ, ಪೊರೆಯ ಕಿರು ಅಪಧಮನಿಯೊಂದು ಲೋಮನಾಳಗಳ ಹಂಗಿಲ್ಲದೆ ನೇರವಾಗಿ ಅಭಿಧಮನಿಯೊಂದಕ್ಕೆ ಕೂಡಿಕೊಂಡುಬಿಡುತ್ತದೆ. ರಂಧ್ರ ಚಿಕ್ಕದು, ಹರಿಯುವ ರಕ್ತವೂ ಹೆಚ್ಚಲ್ಲ. ಆದರೆ ಆ ರಕ್ತ ಅಪಧಮನಿಯ ಒತ್ತಡವನ್ನು ಹೊತ್ತುಕೊಂಡೇ, ಕವಾಟಗಳಿಲ್ಲದ ಬೆನ್ನುಹುರಿಯ ಅಭಿಧಮನಿಗಳೊಳಗೆ ನುಗ್ಗುತ್ತದೆ. ಹೊರಗೆ ಹರಿದುಹೋಗಬೇಕಾದ ರಕ್ತ ಹುರಿಯಲ್ಲೇ ಕಟ್ಟಿಕೊಳ್ಳುತ್ತದೆ. ಹುರಿ ನಿಧಾನವಾಗಿ ಬಾತುಕೊಳ್ಳುತ್ತದೆ, ಆಮ್ಲಜನಕ ಸಾಲದೆ ಸೊರಗುತ್ತದೆ. ಮಧ್ಯವಯಸ್ಸು ದಾಟಿದ ಗಂಡಸರಲ್ಲಿ ಇದು ಹೆಚ್ಚು. ನಡೆಯುವಾಗ ಕಾಲು ಭಾರವಾಗುವುದು, ಒಂದಷ್ಟು ದೂರ ನಡೆದ ಮೇಲೆ ಕುಳಿತುಕೊಳ್ಳಬೇಕೆನಿಸುವುದು, ಪಾದ ಜೋಮು ಹಿಡಿಯುವುದು, ಆಮೇಲೆ ಮೂತ್ರ ವಿಸರ್ಜನೆಗೆ ತಡವರಿಸುವುದು, ಹೀಗೆ ತಿಂಗಳುಗಟ್ಟಲೆ ಮೆಲ್ಲಗೆ ಬೆಳೆಯುತ್ತದೆ.

ಈ ಕಾಯಿಲೆಯ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ವಿಳಂಬ. ಆ ವಯಸ್ಸಿನ ಯಾರ ಸೊಂಟದ ಎಂಆರ್‌ಐ ಮಾಡಿದರೂ ಸವೆದ ಡಿಸ್ಕ್ ಒಂದಾದರೂ ಸಿಗುತ್ತದೆ, ಮತ್ತು ಕಾಲಿನ ತೊಂದರೆಗೆ ಅದನ್ನೇ ಹೊಣೆ ಮಾಡುವುದು ಸುಲಭ. ಹೀಗೆ ಬೇಡದ ಡಿಸ್ಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಒಂದೂವರೆ ವರ್ಷ ಕಳೆದು, ಗಾಲಿಕುರ್ಚಿಯಲ್ಲಿ ನನ್ನ ಮುಂದೆ ಬಂದವರನ್ನು ನಾನು ಕಂಡಿದ್ದೇನೆ. ಇನ್ನು ಕೆಲವರಲ್ಲಿ ಹುರಿಯ ಬಾವನ್ನು ಉರಿಯೂತವೆಂದು ತಿಳಿದು ಸ್ಟೆರಾಯ್ಡ್ ಕೊಡಲಾಗಿರುತ್ತದೆ. ಸ್ಟೆರಾಯ್ಡ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಕಾಲಿನ ಬಲ ಮತ್ತಷ್ಟು ಕುಸಿದರೆ, ಆ ಕುಸಿತವೇ ಫಿಸ್ಟುಲಾದ ಸುಳಿವು. ಎದೆಭಾಗದ ಎಂಆರ್‌ಐಯಲ್ಲಿ ಹುರಿಯ ನಡುವೆ ಉದ್ದಕ್ಕೂ ಬಿಳುಪು ಕಂಡು, ಅದರ ಹಿಂಬದಿಯಲ್ಲಿ ಕಪ್ಪು ಚುಕ್ಕೆಗಳ ಸಾಲು, ಅಂದರೆ ಹಿಗ್ಗಿದ ಅಭಿಧಮನಿಗಳ ಗುರುತು ಕಂಡರೆ, ಬೇರೆ ರೋಗನಿರ್ಣಯ ಬರೆಯುವ ಮೊದಲು ಬೆನ್ನುಹುರಿಯ ಆಂಜಿಯೋಗ್ರಾಂ ಆಗಲೇಬೇಕು. ಕಾಲಿನ ತೊಂದರೆ ಇದೆಯೆಂದು ಸೊಂಟವನ್ನು ಮಾತ್ರ ಸ್ಕ್ಯಾನ್ ಮಾಡಿ ನಿಲ್ಲಿಸುವ ರೂಢಿ ಈ ರೋಗಿಗಳ ಪಾಲಿಗೆ ಬಹಳ ದುಬಾರಿಯಾಗಿದೆ.

ಈ ಕಾಯಿಲೆಯ ಇತಿಹಾಸವೂ ತಪ್ಪು ಜಾಗವನ್ನು ನೋಡಿದ ಇತಿಹಾಸವೇ. 1926ರಲ್ಲಿ ಫ್ರಾನ್ಸಿನ ಫಾ ಮತ್ತು ಅಲಾಜುವಾನಿನ್ ಹಂತಹಂತವಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡ ರೋಗಿಗಳನ್ನು ವಿವರಿಸಿದರು. ಬೆನ್ನು ತೆರೆದಾಗ ಹುರಿಯ ಮೇಲೆ ಹಾವಿನಂತೆ ಸುತ್ತಿಕೊಂಡ ದಪ್ಪ ಅಭಿಧಮನಿಗಳು ಕಾಣುತ್ತಿದ್ದುದರಿಂದ, ರೋಗವೆಲ್ಲ ಅವುಗಳಲ್ಲೇ ಇದೆಯೆಂದು ದಶಕಗಳ ಕಾಲ ಶಸ್ತ್ರವೈದ್ಯರು ನಂಬಿದ್ದರು; ಹುರಿಯ ಉದ್ದಕ್ಕೂ ಅವನ್ನು ಸುಲಿದು ತೆಗೆಯುತ್ತಿದ್ದರು. ಅವು ರೋಗದ ಮೂಲವಲ್ಲ, ಒತ್ತಡಕ್ಕೆ ಸಿಕ್ಕಿ ಹಿಗ್ಗಿದ ಹುರಿಯ ಸ್ವಂತ ಅಭಿಧಮನಿಗಳು. ಅವನ್ನು ತೆಗೆದರೆ ರಕ್ತ ಹೊರಹೋಗುವ ದಾರಿಯೇ ಹೋಯಿತು. 1970ರ ದಶಕದಲ್ಲಿ ಅಮಿನಾಫ್ ಮತ್ತು ಸಂಗಡಿಗರು ಅಭಿಧಮನಿಯ ಒತ್ತಡವೇ ಹಾನಿಗೆ ಕಾರಣವೆಂದು ವಾದಿಸಿದರು. 1977ರಲ್ಲಿ ಕೆಂಡಲ್ ಮತ್ತು ಲೋಗ್ ಸೋರಿಕೆಯ ಜಾಗ ಹುರಿಯಲ್ಲಲ್ಲ, ನರಬೇರಿನ ಪೊರೆಯಲ್ಲಿದೆ ಎಂದು ತೋರಿಸಿಕೊಟ್ಟರು. ಅಂದಿನಿಂದ ಚಿಕಿತ್ಸೆ ಸರಳವಾಯಿತು: ಫಿಸ್ಟುಲಾದಿಂದ ಹುರಿಯತ್ತ ಹೊರಡುವ ಅಭಿಧಮನಿಯ ಮೊದಲ ತುಂಡನ್ನು ಮುಚ್ಚಿದರೆ ಸಾಕು, ಉಳಿದದ್ದನ್ನು ಮುಟ್ಟಬಾರದು.

ಆ ಮೊದಲ ತುಂಡನ್ನು ಶಸ್ತ್ರಚಿಕಿತ್ಸೆಯಿಂದಲೂ ಮುಚ್ಚಬಹುದು, ನಾಳದೊಳಗಿನಿಂದ ಗ್ಲೂ ಎಂಬ ಅಂಟುದ್ರವ ಬಿಟ್ಟೂ ಮುಚ್ಚಬಹುದು; ಈ ಎರಡನೆಯದನ್ನೇ ಎಂಬೊಲೈಸೇಶನ್ ಎನ್ನುವುದು. ನಾನು ಎರಡನೆಯ ವಿಧಾನದವನಾದರೂ ಇಲ್ಲಿ ಮುಚ್ಚುಮರೆ ಮಾಡಲಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಶೇಕಡಾ 98ರಷ್ಟು ರೋಗಿಗಳಲ್ಲಿ ಫಿಸ್ಟುಲಾವನ್ನು ಪೂರ್ತಿಯಾಗಿ ಮುಚ್ಚಿತ್ತು. ಎಂಬೊಲೈಸೇಶನ್ ಮುಚ್ಚಿದ್ದು ಶೇಕಡಾ 46ರಷ್ಟರಲ್ಲಿ. ಆ ನಂತರ ನಮ್ಮ ಸಾಮಗ್ರಿಗಳು ಸುಧಾರಿಸಿವೆ, ಫಲಿತಾಂಶವೂ ಏರಿದೆ, ಆದರೆ ಅಂತರ ಮಾಯವಾಗಿಲ್ಲ. ಗ್ಲೂ ಅಪಧಮನಿಯ ಬದಿಯಲ್ಲೇ ಗಟ್ಟಿಯಾಗಿ ಅಭಿಧಮನಿಯನ್ನು ತಲುಪದಿದ್ದರೆ, ಅಂದಿನ ಚಿತ್ರದಲ್ಲಿ ಎಲ್ಲವೂ ಮುಚ್ಚಿದಂತೆ ಕಂಡರೂ ಕೆಲವು ತಿಂಗಳುಗಳಲ್ಲಿ ಅಕ್ಕಪಕ್ಕದ ನಾಳಗಳಿಂದ ರಕ್ತ ಬಂದು ಫಿಸ್ಟುಲಾ ಮತ್ತೆ ತೆರೆದುಕೊಳ್ಳುತ್ತದೆ. ಆದ್ದರಿಂದ ಗ್ಲೂ ಅಭಿಧಮನಿಯೊಳಗೆ ಇಳಿದದ್ದು ಕಣ್ಣಿಗೆ ಕಾಣದಿದ್ದರೆ ನಾನು ಕಾಯುವುದಿಲ್ಲ. ಅದೇ ವಾರ ಶಸ್ತ್ರವೈದ್ಯರಿಗೆ ಒಪ್ಪಿಸುತ್ತೇನೆ. ಅದೇ ನಾಳದ ಬುಡದಿಂದ ಬೆನ್ನುಹುರಿಯ ಮುಂಭಾಗದ ಅಪಧಮನಿಗೂ ರಕ್ತ ಹೋಗುತ್ತಿದ್ದರಂತೂ ಗ್ಲೂವಿನ ಮಾತೇ ಇಲ್ಲ.

ಇನ್ನು ಆ ಯುವತಿಯಲ್ಲಿದ್ದಂತಹ, ಹುರಿಯ ಒಳಗಿನ ಗೋಜಲು ಬೇರೆಯದೇ ಸ್ವಭಾವದ್ದು. ಇಲ್ಲಿ ಗೋಜಲನ್ನು, ಅಂದರೆ ನಾವು ನೈಡಸ್ ಎನ್ನುವ ಭಾಗವನ್ನು ಪೋಷಿಸುವ ನಾಳಗಳು ಹುರಿಯನ್ನು ಪೋಷಿಸುವ ನಾಳಗಳೇ. ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ, ಮತ್ತು ಹಲವು ಸಲ ರಕ್ತಸ್ರಾವದಿಂದಲೇ ತನ್ನ ಇರವನ್ನು ತಿಳಿಸುತ್ತದೆ. ರಕ್ತ ಹುರಿಯ ಸುತ್ತಲಿನ ದ್ರವಕ್ಕೆ ಸೇರಿದಾಗ ಬೆನ್ನಿನಲ್ಲಿ ಏಳುವ ಆ ತೀಕ್ಷ್ಣ ನೋವನ್ನು ಫ್ರೆಂಚ್ ವೈದ್ಯರು ಹಿಂದೆಯೇ ಬಾಕು ಚುಚ್ಚಿದ ನೋವಿಗೆ ಹೋಲಿಸಿದ್ದರು. ರೋಗಿಗಳೂ ಬೇರೆ ಮಾತು ಹುಡುಕುವುದಿಲ್ಲ. ಯಾರೋ ಹಿಂದಿನಿಂದ ಇರಿದರು ಎಂದುಕೊಂಡು ತಿರುಗಿ ನೋಡಿದೆ ಎಂದೇ ಒಬ್ಬರು ನನಗೆ ಹೇಳಿದ್ದರು. ಮಿದುಳನ್ನೂ ಹುರಿಯನ್ನೂ ಹೊದ್ದಿರುವ ಪೊರೆಯಡಿಯ ರಕ್ತಸ್ರಾವಗಳಲ್ಲಿ ಬೆನ್ನುಹುರಿಯಿಂದ ಆಗುವಂಥವು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೂ ತಲೆನೋವಿಗಿಂತ ಮೊದಲು ಬೆನ್ನು ನೋವು ಬಂದಿದ್ದು, ಮಿದುಳಿನ ಆಂಜಿಯೋಗ್ರಾಂನಲ್ಲಿ ಏನೂ ಸಿಗದಿದ್ದರೆ, ಬೆನ್ನುಹುರಿಯನ್ನು ನೋಡದೆ ರೋಗಿಯನ್ನು ಮನೆಗೆ ಕಳಿಸಬಾರದು.

ಇಂತಹ ಗೋಜಲುಗಳಿಂದ ವರ್ಷಕ್ಕೆ ರಕ್ತಸ್ರಾವವಾಗುವ ಸಂಭವ ಸುಮಾರು ಶೇಕಡಾ 4 ಎಂದೂ, ಒಮ್ಮೆ ಒಡೆದವುಗಳಲ್ಲಿ ಅದು ಸುಮಾರು ಶೇಕಡಾ 10ಕ್ಕೆ ಏರುತ್ತದೆ ಎಂದೂ 2013ರಲ್ಲಿ ಪ್ರಕಟವಾದ ಒಟ್ಟು ವಿಶ್ಲೇಷಣೆಯೊಂದು ಅಂದಾಜಿಸಿದೆ. ಇಪ್ಪತ್ತರ ಹರೆಯದವರ ಮುಂದೆ ಎಷ್ಟು ವರ್ಷಗಳಿವೆ ಎಂಬುದನ್ನು ನೆನೆದರೆ ಈ ಅಂಕಿಗಳ ಭಾರ ತಿಳಿಯುತ್ತದೆ. ಆದರೆ ಎಲ್ಲ ಗೋಜಲುಗಳೂ ಸಮಾನವಾಗಿ ಅಪಾಯಕಾರಿಯಲ್ಲ. ಅನ್ಯೂರಿಸಂ, ಅಂದರೆ ನಾಳದ ಉಬ್ಬು, ಜೊತೆಗೂಡಿದವು ಹೆಚ್ಚು ರಕ್ತಸ್ರಾವ ಮಾಡುತ್ತವೆ ಎಂಬುದನ್ನು ನಾವು ದಿನವೂ ಕಾಣುತ್ತೇವೆ.

ಅನ್ಯೂರಿಸಂ ಎಂಬ ಮಾತನ್ನೂ ಬಿಡಿಸಿ ನೋಡಬೇಕು. ಗೋಜಲು ಎಡೆಬಿಡದೆ ರಕ್ತ ಎಳೆದುಕೊಳ್ಳುವುದರಿಂದ, ಅದಕ್ಕೆ ರಕ್ತ ತರುವ ನಾಳದ ಗೋಡೆ ವರ್ಷಗಟ್ಟಲೆ ಆ ರಭಸವನ್ನು ತಾಳಿ ಒಂದೆಡೆ ಉಬ್ಬುತ್ತದೆ. ಇದು ಹರಿವಿನಿಂದಾದ ಅನ್ಯೂರಿಸಂ. ಅಂಚು ನಯವಾಗಿರುತ್ತದೆ, ರಕ್ತ ಬಂದಷ್ಟೇ ಬೇಗ ಹೊರಟುಹೋಗುತ್ತದೆ. ಗೋಜಲಿನೊಳಗೇ ಇರುವ ಉಬ್ಬು ಎರಡನೆಯ ಬಗೆ. ಮೂರನೆಯದನ್ನು ಅನ್ಯೂರಿಸಂ ಎಂದು ಕರೆಯುವುದೇ ಅಷ್ಟು ಸರಿಯಲ್ಲ: ನಾಳ ಒಡೆದು, ಹೊರಬಂದ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ನಡುವೆ ಉಳಿದ ಪೊಳ್ಳು ಅದು. ಅದಕ್ಕೆ ನಾಳದ ಗೋಡೆಯೇ ಇಲ್ಲ. ಇದನ್ನು ಹುಸಿ ಅನ್ಯೂರಿಸಂ ಎನ್ನುತ್ತೇವೆ, ಮತ್ತು ಇತ್ತೀಚೆಗೆ ರಕ್ತಸ್ರಾವವಾದ ರೋಗಿಯಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ. ಗೋಜಲಿಲ್ಲದೆ ಒಂಟಿಯಾಗಿ ಬೆನ್ನುಹುರಿಯ ನಾಳದಲ್ಲಿ ಕಾಣುವ ಅನ್ಯೂರಿಸಂಗಳೂ ಇವೆ, ಬಹಳ ಅಪರೂಪ. ಮಿದುಳಿನಲ್ಲಿರುವಂತೆ ಅವು ಕವಲೊಡೆಯುವ ಜಾಗದಲ್ಲಿ ಚೀಲದಂತೆ ಇರುವುದಿಲ್ಲ. ಹೆಚ್ಚಾಗಿ ನಾಳದ ಗೋಡೆ ಸೀಳಿ, ನಾಳವೇ ಕದಿರಿನಂತೆ ಉಬ್ಬಿರುತ್ತದೆ. ಕೆಲವು ತಾವಾಗಿಯೇ ಮುಚ್ಚಿಕೊಳ್ಳುವುದರಿಂದ, ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ಚಿತ್ರ ತೆಗೆದು ನೋಡುವುದು ಅವಸರಕ್ಕಿಂತ ಮೇಲು.

ಈಗ ಯುವತಿಯ ಚಿತ್ರಗಳಿಗೆ ಮರಳುತ್ತೇನೆ. ಮೊದಲು ಕಣ್ಣಿಗೆ ಬಿದ್ದ ಮೇಲಿನ ಉಬ್ಬು ನಯವಾಗಿತ್ತು. ಕೆಳಗಿನದು ಅಂಕುಡೊಂಕಾಗಿತ್ತು, ಅದರಲ್ಲಿ ದ್ರವ ನಿಲ್ಲುತ್ತಿತ್ತು, ಮತ್ತು ಎಂಆರ್‌ಐಯಲ್ಲಿ ಹೆಪ್ಪುಗಟ್ಟಿದ ರಕ್ತ ಇದ್ದದ್ದು ಅದರ ಮಗ್ಗುಲಲ್ಲೇ. ಒಡೆದದ್ದು ಯಾವುದೆಂಬ ಬಗ್ಗೆ ನಮ್ಮಲ್ಲಿ ಯಾರಿಗೂ ಸಂದೇಹ ಉಳಿಯಲಿಲ್ಲ. ಮೇಲಿನದು ಇದ್ದದ್ದು ಮುಂಭಾಗದ ಅಪಧಮನಿಯ ಮುಖ್ಯ ಕಾಂಡದಲ್ಲಿ. ಅದರೊಳಗೆ ಕಾಯಿಲ್, ಅಂದರೆ ಲೋಹದ ಸಣ್ಣ ಸುರುಳಿ, ತುಂಬಲು ಹೋಗಿ ಕಾಂಡ ಮುಚ್ಚಿಕೊಂಡರೆ ಕಾಲುಗಳು ಹೋದಂತೆಯೇ. ಅದನ್ನು ಬಿಡುವುದು, ಕೆಳಗಿನದನ್ನು ಮುಚ್ಚುವುದು ಎಂದು ತೀರ್ಮಾನಿಸಿದೆವು.

ತೀರ್ಮಾನಕ್ಕೆ ಬರುವ ಮುನ್ನ ನಡೆದ ಕೆಲಸವನ್ನೂ ಸ್ವಲ್ಪ ಹೇಳಬೇಕು. ಬೆನ್ನುಹುರಿಯ ಪೂರ್ಣ ಆಂಜಿಯೋಗ್ರಾಂ ಎಂದರೆ ತೊಡೆಸಂದಿನಿಂದ ಕ್ಯಾಥೆಟರ್ ತೂರಿಸಿ, ಮಹಾಪಧಮನಿಯಿಂದ ಎಡಕ್ಕೂ ಬಲಕ್ಕೂ ಹೊರಡುವ ಪಕ್ಕೆಲುಬಿನಡಿಯ ಮತ್ತು ಸೊಂಟದ ಅಪಧಮನಿಗಳನ್ನು ಒಂದೊಂದಾಗಿ ಹಿಡಿದು, ಪ್ರತಿಯೊಂದಕ್ಕೂ ದ್ರವ ಬಿಟ್ಟು ಚಿತ್ರ ತೆಗೆಯುವುದು; ಮೇಲೆ ಕುತ್ತಿಗೆಯ ನಾಳಗಳು, ಕೆಳಗೆ ಕಟಿಭಾಗದ ನಾಳಗಳು ಬೇರೆ. ಉಸಿರಾಟದಿಂದ ಎದೆ ಅಲುಗಿದರೂ ದಾರದೆಳೆಯಂತಹ ನಾಳ ಮಸುಕಾಗುತ್ತದೆ. ಆದ್ದರಿಂದ ಪೂರ್ಣ ಅರಿವಳಿಕೆ ಕೊಟ್ಟು, ಪ್ರತಿ ಚಿತ್ರದ ಹೊತ್ತಿಗೆ ಅರಿವಳಿಕೆ ತಜ್ಞರು ವೆಂಟಿಲೇಟರನ್ನು ಕೆಲವು ಕ್ಷಣ ನಿಲ್ಲಿಸುತ್ತಾರೆ. ಮೂತ್ರಪಿಂಡಗಳು ತಾಳುವಷ್ಟೇ ದ್ರವ ಬಳಸಬೇಕು, ವಿಕಿರಣದ ಪ್ರಮಾಣವನ್ನೂ ಎಣಿಸುತ್ತಿರಬೇಕು. ಮೊದಲೇ ಎಂಆರ್ ಆಂಜಿಯೋಗ್ರಾಂ ಮಾಡಿ ದೋಷದ ಮಟ್ಟವನ್ನು ಅಂದಾಜಿಸಿಕೊಂಡಿದ್ದರೆ ಎಷ್ಟೋ ಉಳಿತಾಯವಾಗುತ್ತದೆ. ಆದರೂ 'ಈ ಒಂದು ನಾಳ ಸಿಗಲಿಲ್ಲ, ಇರಲಿ' ಎಂದು ಬಿಡುವ ಸ್ವಾತಂತ್ರ್ಯ ನಮಗಿಲ್ಲ. ಸಿಗದೆ ಬಿಟ್ಟ ಆ ನಾಳದಲ್ಲೇ ಫಿಸ್ಟುಲಾ ಇದ್ದು, ಆಂಜಿಯೋಗ್ರಾಂ ಸಹಜವಾಗಿದೆ ಎಂಬ ವರದಿ ಹಿಡಿದು ರೋಗಿ ತಿಂಗಳುಗಟ್ಟಲೆ ಅಲೆದಿರುವುದುಂಟು.

ಬೆನ್ನುಹುರಿಯ ದೋಷವನ್ನು ನಾಳದೊಳಗಿನಿಂದ ಮುಚ್ಚಿದ ಆರಂಭದ ವರದಿಗಳು 1968ರವು. ಅಮೆರಿಕದ ಬೆಥೆಸ್ಡಾದಲ್ಲಿ ಡಾಪ್‌ಮನ್, ಡಿ ಕಿರೊ ಮತ್ತು ಒಮ್ಮಾಯ ಅಂಥದೊಂದನ್ನು ವರದಿ ಮಾಡಿದರು. ಅದೇ ಕಾಲದಲ್ಲಿ ಪ್ಯಾರಿಸಿನಲ್ಲಿ ಜಿಂಜಿಯಾನ್ ಅವರು ಬೆನ್ನುಹುರಿಯ ನಾಳಗಳ ಆಂಜಿಯೋಗ್ರಫಿಯನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದರು. ಆಮೇಲೆ ಬಹುಕಾಲ ಪಿವಿಎ ಎಂಬ ವಸ್ತುವಿನ ಸಣ್ಣ ಕಣಗಳನ್ನು ತೇಲಿಬಿಡುತ್ತಿದ್ದರು. ಗೋಜಲಿನ ನಾಳಗಳು ಹಿಗ್ಗಿರುವುದರಿಂದ, ಹುರಿಯ ಸೂಕ್ಷ್ಮ ಕವಲುಗಳಿಗೆ ಹೊಗಲಾಗದಷ್ಟು ದೊಡ್ಡ ಕಣಗಳನ್ನು ಆರಿಸಿದರೆ ಅವು ಗೋಜಲಿಗೇ ಹೋಗುತ್ತವೆ ಎಂಬುದು ಅದರ ಹಿಂದಿನ ತರ್ಕ. ತರ್ಕ ಸರಿಯಾಗಿಯೇ ಇತ್ತು. ಆದರೆ ಮುಚ್ಚಿದ ನಾಳಗಳು ಮತ್ತೆ ಮತ್ತೆ ತೆರೆದುಕೊಳ್ಳುತ್ತಿದ್ದವು.

ಇಂದು ನಾವು ಹೆಚ್ಚಾಗಿ ಬಳಸುವುದು ಗ್ಲೂ, ಅಂದರೆ ಎನ್‌ಬಿಸಿಎ ಎಂಬ ಅಂಟುದ್ರವ. ರಕ್ತದಲ್ಲಿರುವ ಅಯಾನುಗಳು ತಾಕಿದೊಡನೆ ಅದು ಗಟ್ಟಿಯಾಗುತ್ತದೆ. ಹಾಗಾಗಿ ಅದನ್ನು ಎಕ್ಸ್‌ರೇಯಲ್ಲಿ ಕಾಣುವ ಲಿಪಿಯೊಡಾಲ್ ಎಣ್ಣೆಯೊಂದಿಗೆ ಬೆರೆಸಿ ಗಟ್ಟಿಯಾಗುವ ವೇಗವನ್ನು ತಗ್ಗಿಸುತ್ತೇವೆ. ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಗ್ಲೂ ಬೆರೆಸಿದರೆ ನಿಧಾನ, ಎರಡು ಪಾಲಿಗೆ ಒಂದು ಬೆರೆಸಿದರೆ ಚುರುಕು. ರಕ್ತದ ವೇಗವನ್ನು ಚಿತ್ರದಲ್ಲಿ ನೋಡಿ, ಎಷ್ಟು ದೂರ ಹೋದ ಮೇಲೆ ಅದು ನಿಲ್ಲಬೇಕೆಂದು ಅಂದಾಜಿಸಿ ಈ ಹದವನ್ನು ಆರಿಸಬೇಕು. ಓನಿಕ್ಸ್ ಎಂಬ ಇನ್ನೊಂದು ವಸ್ತುವಿದೆ. ಅದು ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿ, ಕಾಣಲೆಂದು ಟ್ಯಾಂಟಲಮ್ ಪುಡಿ ಬೆರೆಸಿದ ಪಾಲಿಮರ್. ಅದು ನಿಧಾನವಾಗಿ, ಲಾವಾದಂತೆ ಮುಂದೆ ಸಾಗುತ್ತದೆ, ನಡುವೆ ನಿಲ್ಲಿಸಿ ಯೋಚಿಸಲು ಸಮಯ ಕೊಡುತ್ತದೆ. ಆದರೆ ಮುಂದೆ ಸಾಗುವ ಮೊದಲು ಕ್ಯಾಥೆಟರಿನ ತುದಿಯ ಸುತ್ತ ಹಿಂದಕ್ಕೂ ಸರಿಯುತ್ತದೆ. ಮಿದುಳಿನಲ್ಲಿ ಒಂದು ಸೆಂಟಿಮೀಟರ್ ಹಿಂದೆ ಸರಿದರೆ ತಾಳಿಕೊಳ್ಳಬಹುದು. ಬೆನ್ನುಹುರಿಯ ಮುಂಭಾಗದ ಅಪಧಮನಿಯಲ್ಲಿ ಕೆಲವೇ ಮಿಲಿಮೀಟರ್ ಸರಿದರೂ ಹುರಿಯ ಕವಲುಗಳು ಮುಚ್ಚಿಹೋಗುತ್ತವೆ. ಈ ಕಾರಣಕ್ಕೆ ಅಲ್ಲಿ ನಾನು ಗ್ಲೂವನ್ನೇ ನೆಚ್ಚುತ್ತೇನೆ.

ಅಂದು ಬಳಸಿದ ಮೈಕ್ರೊಕ್ಯಾಥೆಟರಿನ ತುದಿ 1.2 ಫ್ರೆಂಚ್, ಅಂದರೆ 0.4 ಮಿಲಿಮೀಟರ್ ದಪ್ಪದ್ದು. ಅದನ್ನು ತಂತಿಯಿಂದ ತಳ್ಳುವುದಕ್ಕಿಂತ ರಕ್ತದ ಹರಿವೇ ಒಯ್ಯುವಂತೆ ಬಿಡಬೇಕು. ಹೇರ್‌ಪಿನ್ ತಿರುವಿನ ತುದಿಗೆ ಬಂದು ಅದು ನಿಂತಿತು. ಅಲ್ಲಿ ತಳ್ಳಿದರೆ ನಾಳ ಬಿಗಿಯುತ್ತದೆ, ಕೆಲವೊಮ್ಮೆ ಸೀಳುತ್ತದೆ. ಕಾದೆವು. ಸ್ವಲ್ಪ ಹಿಂದಕ್ಕೆಳೆದು, ನಿಧಾನವಾಗಿ ದ್ರವ ಬಿಡುತ್ತಾ ಮತ್ತೆ ಮುಂದೆ ಬಿಟ್ಟಾಗ ತುದಿ ತಾನಾಗಿ ಕೆಳಮುಖವಾಯಿತು. ನಯವಾದ ಮೇಲಿನ ಉಬ್ಬಿನ ಪಕ್ಕದಲ್ಲೇ, ಅದರೊಳಗೆ ಹೊಗದಂತೆ ಹಾದು, ಗೋಜಲಿಗೆ ನೇರವಾಗಿ ಹೋಗುವ ಕವಲೊಂದನ್ನು ಹಿಡಿಯಿತು. ಅಲ್ಲಿಂದ ಕೈಯಿಂದಲೇ ಒಂದಿಷ್ಟು ದ್ರವ ಬಿಟ್ಟು ನೋಡಿದೆವು: ಹುಸಿ ಅನ್ಯೂರಿಸಂ ತುಂಬಿತು, ಅಭಿಧಮನಿ ತುಂಬಿತು, ಹುರಿಗೆ ಹೋಗುವ ಯಾವ ಕವಲೂ ಕಾಣಲಿಲ್ಲ.

ಕಣ್ಣಿಗೆ ಕಾಣದ ಕವಲುಗಳೂ ಇರುತ್ತವೆ. ಅದಕ್ಕಾಗಿ ಕಾಲಿನ ನರಗಳಿಂದ ಮಿದುಳಿಗೂ, ಮಿದುಳಿನಿಂದ ಕಾಲಿನ ಸ್ನಾಯುಗಳಿಗೂ ಹೋಗುವ ವಿದ್ಯುತ್ ಸಂಕೇತಗಳನ್ನು ಆರಂಭದಿಂದಲೂ ದಾಖಲಿಸುತ್ತಿರುತ್ತೇವೆ. ಅದೇ ಕ್ಯಾಥೆಟರಿನಿಂದ ಮೊದಲು ಅಮೈಟಾಲ್, ನಂತರ ಲಿಡೊಕೇನ್ ಔಷಧವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಬಿಟ್ಟು, ಆ ಸಂಕೇತಗಳು ಕುಗ್ಗುತ್ತವೆಯೇ ಎಂದು ನೋಡುವುದು ನಮ್ಮ ಕ್ರಮ. ಮೊದಲನೆಯದು ನರಕೋಶಗಳನ್ನು, ಎರಡನೆಯದು ನರತಂತುಗಳನ್ನು ಸ್ವಲ್ಪ ಹೊತ್ತು ಮಲಗಿಸುತ್ತದೆ. ಸಂಕೇತ ಕುಗ್ಗಿದರೆ ಆ ಜಾಗದಿಂದ ಗ್ಲೂ ಬಿಡುವಂತಿಲ್ಲ. ಅಂದು ಕುಗ್ಗಲಿಲ್ಲ.

ಕ್ಯಾಥೆಟರಿನೊಳಗೆ ರಕ್ತವಾಗಲಿ ಉಪ್ಪುನೀರಾಗಲಿ ಉಳಿದಿದ್ದರೆ ಗ್ಲೂ ಒಳಗೇ ಗಟ್ಟಿಯಾಗುತ್ತದೆಂದು ಮೊದಲು ಗ್ಲೂಕೋಸ್ ನೀರಿನಿಂದ ತೊಳೆದೆವು. ನಂತರ ಒಂದು ಮಿಲಿಲೀಟರಿನ ಸಿರಿಂಜಿನಿಂದ ಗ್ಲೂ ಬಿಡತೊಡಗಿದೆ. ಪರದೆಯ ಮೇಲೆ ಕಪ್ಪು ಹನಿ ತುದಿಯಿಂದ ಹೊರಬಂತು, ಕವಲಿನ ಆಕಾರ ತಳೆಯಿತು, ಅಂಕುಡೊಂಕು ಪೊಳ್ಳನ್ನು ತುಂಬಿತು, ಅಭಿಧಮನಿಯ ಬಾಯಿಯವರೆಗೆ ಬಂತು. ನಿಲ್ಲಿಸಿದೆ, ಸಹಾಯಕರು ಕ್ಯಾಥೆಟರನ್ನು ಒಂದೇ ಎಳೆತಕ್ಕೆ ಹೊರತೆಗೆದರು. ಒಳಗೆ ಹೋದ ಗ್ಲೂ ಒಂದು ಮಿಲಿಲೀಟರಿನ ಐದನೇ ಒಂದು ಪಾಲೂ ಇರಲಿಲ್ಲ. ಸಿರಿಂಜನ್ನು ಕೈಗೆತ್ತಿಕೊಂಡಾಗಿನಿಂದ ಕ್ಯಾಥೆಟರ್ ಹೊರಬರುವವರೆಗೆ ಕಳೆದದ್ದು ಅರ್ಧ ನಿಮಿಷಕ್ಕಿಂತ ಕಡಿಮೆ.

ಗೋಜಲಿನ ಅರ್ಧಕ್ಕಿಂತ ಹೆಚ್ಚು ಭಾಗ ಇನ್ನೂ ಉಳಿದಿತ್ತು. ಅದಕ್ಕೆ ಹೋಗುವ ಮತ್ತೊಂದು ಕವಲೂ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು, ಮತ್ತು ಕೋಣೆಯಲ್ಲಿದ್ದ ಕಿರಿಯ ವೈದ್ಯರು ಅದರತ್ತ ಬೆರಳು ತೋರಿಸಿದರು. ನಾನು ಬೇಡವೆಂದೆ. ಹಲವು ವರ್ಷಗಳ ಹಿಂದೆ ಇಂಥದೇ ಇನ್ನೊಬ್ಬ ರೋಗಿಯಲ್ಲಿ, ಎರಡು ಕವಲುಗಳನ್ನು ಸುರಕ್ಷಿತವಾಗಿ ಮುಚ್ಚಿದ ಮೇಲೆ, ಚಿತ್ರದಲ್ಲಿ ಉಳಿದದ್ದು ಚೂರೇ ಚೂರು ಎಂದುಕೊಂಡು ನಾನು ಮೂರನೆಯದಕ್ಕೆ ಹೋಗಿದ್ದೆ. ಗ್ಲೂ ಒಂದಿಷ್ಟು ಹಿಂದೆ ಸರಿಯಿತು. ಎಚ್ಚರವಾದಾಗ ಅವರ ಬಲಗಾಲು ಅಲುಗಲಿಲ್ಲ. ಮುಂದಿನ ತಿಂಗಳುಗಳಲ್ಲಿ ಸ್ವಲ್ಪ ಬಲ ಮರಳಿತು, ಪೂರ್ತಿಯಾಗಿ ಎಂದೂ ಮರಳಲಿಲ್ಲ. ಆ ತಪ್ಪು ನನ್ನದೇ, ಮತ್ತು ಉಳಿದ ಗೋಜಲನ್ನು ಕಂಡಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಕಾಲು.

ಎಂಬೊಲೈಸೇಶನ್ ಒಂದರಿಂದಲೇ ಹುರಿಯೊಳಗಿನ ಗೋಜಲು ಪೂರ್ತಿ ಮುಚ್ಚುವುದು ಸರಿಸುಮಾರು ಮೂರರಲ್ಲಿ ಒಬ್ಬರಲ್ಲಿ ಮಾತ್ರ. ಇದನ್ನು ರೋಗಿಗಳಿಗೂ ಮನೆಯವರಿಗೂ ಮೊದಲೇ ಹೇಳಬೇಕು. 'ಪೂರ್ತಿ ತೆಗೆಯಲಿಲ್ಲವೇ' ಎಂಬ ಪ್ರಶ್ನೆ ಚಿಕಿತ್ಸೆಯ ನಂತರ ಬಂದರೆ, ನಾವು ಮೊದಲೇ ಸರಿಯಾಗಿ ಮಾತಾಡಿಲ್ಲವೆಂದೇ ಅರ್ಥ. ಒಡೆಯುವ ಜಾಗವನ್ನು ಮುಚ್ಚಿ, ಹರಿವನ್ನು ತಗ್ಗಿಸಿ, ಉಳಿದದ್ದನ್ನು ಕಾಯುವುದು ಸೋಲಲ್ಲ. ಗೋಜಲು ಹುರಿಯ ಹಿಂಬದಿಯ ಮೇಲ್ಮೈಗೆ ಹತ್ತಿರವಾಗಿ, ಒಂದೆಡೆ ಮುದ್ದೆಯಾಗಿದ್ದರೆ ನುರಿತ ಶಸ್ತ್ರವೈದ್ಯರು ಅದನ್ನು ತೆಗೆದುಹಾಕಬಲ್ಲರು, ಅಂತಹವರಿಗೆ ಆ ದಾರಿಯೇ ಉತ್ತಮ. ಹುರಿಯ ಮೇಲ್ಮೈಯಲ್ಲಿ ಅಪಧಮನಿ ಅಭಿಧಮನಿಗೆ ನೇರವಾಗಿ ಸೇರುವ ದೊಡ್ಡ ಫಿಸ್ಟುಲಾಗಳಲ್ಲಂತೂ ನಮ್ಮ ವಿಧಾನವೇ ಮೇಲು. ವಂಶವಾಹಿಯಾಗಿ ಬಂದು ಮೂಗಿನಿಂದ ಪದೇ ಪದೇ ರಕ್ತ ಸುರಿಸುವ ಎಚ್‌ಎಚ್‌ಟಿ ಕಾಯಿಲೆಯ ಕುಟುಂಬಗಳ ಮಕ್ಕಳಲ್ಲಿ ಇವು ಕಾಣಿಸಿಕೊಳ್ಳುತ್ತವೆ. ಅಲ್ಲಿ ರಂಧ್ರ ಒಂದೇ, ಮತ್ತು ಅದು ದೊಡ್ಡದು. ಕಾಯಿಲ್ ಮತ್ತು ಗ್ಲೂ ಸೇರಿಸಿ ಅದನ್ನು ಪೂರ್ತಿ ಮುಚ್ಚಿಬಿಡಬಹುದು.

ಅರಿವಳಿಕೆಯಿಂದ ಹೊರಬಂದ ಯುವತಿಗೆ ಕಾಲ್ಬೆರಳು ಅಲುಗಿಸಲು ಹೇಳಿದೆವು. ಎರಡೂ ಕಾಲಿನ ಬೆರಳುಗಳು ಮೊದಲಿದ್ದಷ್ಟೇ ಅಲುಗಿದವು. ಆ ರಾತ್ರಿಯಿಡೀ ರಕ್ತದೊತ್ತಡ ಕುಸಿಯದಂತೆ ನೋಡಿಕೊಂಡು, ಗಂಟೆಗೊಮ್ಮೆ ಕಾಲಿನ ಬಲವನ್ನು ಪರೀಕ್ಷಿಸಿ ಬರೆಯಲಾಯಿತು. ಡ್ಯೂರಾ ಫಿಸ್ಟುಲಾದ ರೋಗಿಯಾಗಿದ್ದರೆ ಇನ್ನೊಂದು ಭಯವೂ ಇರುತ್ತಿತ್ತು: ಹರಿವು ಒಮ್ಮೆಲೇ ನಿಂತಾಗ ಹಿಗ್ಗಿದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿ ಕಾಲು ಮತ್ತೆ ಸೋಲುವುದುಂಟು, ಅದಕ್ಕೆಂದು ಕೆಲವರಿಗೆ ಹೆಪ್ಪು ತಡೆಯುವ ಔಷಧ ಕೊಡುತ್ತೇವೆ.

ನಮ್ಮ ಕೆಲಸ ಒಂದು ದಿನದ್ದು. ಅದರ ನಂತರದ ತಿಂಗಳುಗಳ ಕೆಲಸ ಫಿಸಿಯೊಥೆರಪಿಯವರದ್ದು ಮತ್ತು ದಾದಿಯರದ್ದು. ನಡಿಗೆ ಸುಧಾರಿಸಿದಷ್ಟು ಮೂತ್ರದ ಹಿಡಿತ ಸುಧಾರಿಸುವುದಿಲ್ಲ. ದಿನಕ್ಕೆ ನಾಲ್ಕೈದು ಬಾರಿ ತಾವೇ ಸಣ್ಣ ನಳಿಕೆ ಹಾಕಿ ಮೂತ್ರ ಹೊರತೆಗೆಯುವುದನ್ನು ಕಲಿತುಕೊಳ್ಳುವುದು ಅವಮಾನವಲ್ಲ, ಮೂತ್ರಪಿಂಡಗಳನ್ನು ಕಾಪಾಡುವ ದಾರಿ. ಒರಗಿದ ಮಗ್ಗುಲು ಬದಲಿಸದೆ ಹಾಸಿಗೆ ಹುಣ್ಣಾದರೆ ಎಂತಹ ಸೂಕ್ಷ್ಮ ಎಂಬೊಲೈಸೇಶನ್ನಿನ ಫಲವೂ ನೀರುಪಾಲಾಗುತ್ತದೆ. ಇವುಗಳ ಬಗ್ಗೆ ನಮ್ಮ ಸಮ್ಮೇಳನಗಳಲ್ಲಿ ಮಾತು ಕಡಿಮೆ; ರೋಗಿಗಳ ದಿನಗಳು ಮಾತ್ರ ಇವುಗಳಲ್ಲೇ ಕಳೆಯುತ್ತವೆ.

ಆರು ತಿಂಗಳ ಬಳಿಕ ಮತ್ತೆ ಆಂಜಿಯೋಗ್ರಾಂ ಮಾಡಿದೆವು. ಆಕೆ ಕೋಲೂರಿಕೊಂಡು ನಡೆದೇ ಬಂದಿದ್ದರು. ಗ್ಲೂ ತುಂಬಿದ ಜಾಗ ಮುಚ್ಚಿಕೊಂಡೇ ಇತ್ತು. ಹೇರ್‌ಪಿನ್ ತಿರುವು ಹಾಗೆಯೇ ಇತ್ತು, ಅದರ ಕೆಳಗಿನ ನಾಳ ಮೊದಲಿಗಿಂತ ತೆಳುವಾಗಿತ್ತು. ನಾವು ಮುಟ್ಟದೆ ಬಿಟ್ಟಿದ್ದ ಮೇಲಿನ ಉಬ್ಬು ಹರಿವು ತಗ್ಗಿದ್ದರಿಂದ ಕುಗ್ಗಿ, ಗೋಡೆಯ ಮೇಲೊಂದು ಸಣ್ಣ ಏರಿನಷ್ಟು ಉಳಿದಿತ್ತು. ಗೋಜಲಿನ ಉಳಿದ ಭಾಗ ಅಲ್ಲಿಯೇ ಇತ್ತು, ಅದರಲ್ಲಿ ಹೊಸ ಉಬ್ಬುಗಳಿರಲಿಲ್ಲ. ಚಿತ್ರಗಳನ್ನು ಶಸ್ತ್ರವೈದ್ಯರ ಜೊತೆ ಕುಳಿತು ನೋಡಿದೆವು, ಆಕೆಗೂ ತೋರಿಸಿ ವಿವರಿಸಿದೆವು. ಸದ್ಯಕ್ಕೆ ಮುಟ್ಟುವುದು ಬೇಡವೆಂದು ಮೂವರೂ ಒಪ್ಪಿ, ಒಂದು ವರ್ಷದ ನಂತರದ ಎಂಆರ್‌ಐಗೆ ದಿನ ಗೊತ್ತುಮಾಡಿಕೊಂಡೆವು.